ಎರಡನೇ ಸಲ ಬಂದವನಿಗೂ ಜಾಗ ಕೊಟ್ಟವರಿಗೆ

ಈ ಭಾನುವಾರ ಪೂಜೆ ಆದ ಮೇಲೆ ಮೈಕ್ ಹಿಡಿದು ಎರಡು ಮಾತು ಸಾಕ್ಷಿ ಹೇಳಿ ಅಂತ ನಮ್ಮ ಚರ್ಚಿನ ಹುಡುಗರು ಕೇಳಿದರು. ಆಗಲ್ಲ ಅಂದೆ. ಬೇಜಾರು ಮಾಡಿಕೊಳ್ಳಬೇಡಿ. ಕಳೆದ ಮಳೆಗಾಲದಿಂದ ಈ ಮಳೆಗಾಲದವರೆಗೆ ಕುಡಿಯದೆ ಬಂದಿದ್ದೇನೆ. ದೇವರಿಗೆ ಸ್ತೋತ್ರ. ನಿಮಗೂ ಥ್ಯಾಂಕ್ಸ್ ಹೇಳಲೇಬೇಕು. ಆದರೆ ಮೈಕ್ ಬೇಡ, ಬರೆದೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಧ್ಯಾನಕೂಟದಲ್ಲಿ ನಾನು ಸಾಕ್ಷಿ ಹೇಳಿದ್ದೆ. ಕುಡಿತ ಬಿಟ್ಟೆ, ಇಸ್ಪೀಟು ಬಿಟ್ಟೆ, ಯೇಸುಸ್ವಾಮಿ ಕೈಹಿಡಿದು ಎಬ್ಬಿಸಿದರು ಅಂತ. ಸುಳ್ಳೇನಲ್ಲ, ಆಗ ನಿಜವಾಗಿಯೂ ಬಿಟ್ಟಿದ್ದೆ. ಜನ ಚಪ್ಪಾಳೆ ಹೊಡೆದರು, ಹೆಂಡತಿ ಅತ್ತಳು, ಯಾರೋ ಒಬ್ಬರು ತಮ್ಮ ಗಂಡನನ್ನು ಎಳೆದುಕೊಂಡು ಬಂದು ಇವರ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಅಂದರು. ನಾನು ಮಾಡಿಯೂ ಮಾಡಿದೆ. ಪಾಪ ಆ ಮನುಷ್ಯ.

ಆಮೇಲೆ ಒಂದು ಕ್ರಿಸ್ಮಸ್‌ಗೆ ಮತ್ತೆ ಶುರುವಾಯಿತು. ಬಾರಿನಲ್ಲಲ್ಲ, ಮನೆ ವೈನಿನಲ್ಲಿ. ಕೊಡಗಿನಲ್ಲಿ ಮನೆ ವೈನ್ ಅಂದರೆ ಯಾರೂ ಅದನ್ನು ಕುಡಿತದ ಲೆಕ್ಕಕ್ಕೆ ಹಿಡಿಯಲ್ಲ. ಮಡಿಕೇರಿಯಲ್ಲಿ ಜೇನು, ಏಲಕ್ಕಿ, ಮೆಣಸು ಮಾರುವ ಅಂಗಡಿಯಲ್ಲೇ ಅದೂ ಸಾಲಾಗಿ ನಿಂತಿರುತ್ತದೆ. ಒಂದು ಲೋಟ ತಾನೇ, ಹಬ್ಬ ಅಲ್ವಾ ಅಂತ. ಮುಂದಿನದು ಕುಡಿಯುವವರ ಮನೆಯಲ್ಲಿ ಬಾಳಿದವರಿಗೆಲ್ಲ ಗೊತ್ತಿರುವ ಕಥೆ, ಬಿಡಿ.

ಮೊದಲ ಸಲ ದೇವರ ಹತ್ತಿರ ಬಂದಾಗ ಊರೇ ಖುಷಿಪಟ್ಟಿತ್ತು. ಎರಡನೇ ಸಲ ಬರುವವನಿಗೆ ಹಾಗಲ್ಲ. ಚರ್ಚಿನ ಗೇಟಿನ ಮುಂದೆ ಪಿಕಪ್ ನಿಲ್ಲಿಸಿ, ಒಳಗಿನ ಹಾಡು ಕೇಳಿಸಿಕೊಂಡು, ಹಾಗೇ ಗೇರ್ ಹಾಕಿ ಮುಂದೆ ಹೋಗಿದ್ದೇನೆ. ದೇವರಿಗೆ ಹೆದರಿ ಅಲ್ಲ. ದೇವರು ಏನಂದುಕೊಳ್ಳುತ್ತಾರೋ ಅನ್ನುವುದಕ್ಕಿಂತ ಮೂರನೇ ಬೆಂಚಿನವರು ಏನಂದುಕೊಳ್ಳುತ್ತಾರೋ ಅನ್ನುವ ಭಯವೇ ಜಾಸ್ತಿ. ಅಷ್ಟು ಜನರ ಮುಂದೆ ಬಿಟ್ಟೆ ಅಂದವನು ಯಾವ ಮುಖ ಇಟ್ಟುಕೊಂಡು ಹೋಗಲಿ?

ಅದನ್ನು ದಾಟಿಸಿದವರು ನಮ್ಮಜ್ಜಿ. ಜುಲೈ 26 ಮರಿಯಮ್ಮನವರ ತಾಯಿ ಸಂತ ಅನ್ನಮ್ಮನವರ ದಿನ. ಅಜ್ಜಿ ವಿರಾಜಪೇಟೆಯವರು, ಆ ದಿನ ಅಲ್ಲಿನ ಅನ್ನಮ್ಮನವರ ಚರ್ಚಿಗೇ ಹೋಗಬೇಕು ಅವರಿಗೆ. ಜಡಿ ಮಳೆ. 'ಪೂಜೆಗೆ ಬಾ ಅಂತ ನಾನು ಹೇಳಲ್ಲ, ಕೊಡೆ ಹಿಡಿಯೋಕೆ ಒಬ್ಬರು ಬೇಕು' ಅಂದರು. ಕೊಡೆ ಹಿಡಿದುಕೊಂಡೇ ಒಳಗೆ ಹೋದೆ.

ಬಸ್ಸಿನಲ್ಲಿ ಅಜ್ಜಿ ಹಳೇ ಕಥೆ ತೆಗೆದಿದ್ದರು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಇಲ್ಲಿ ಆಸರೆ ಕೊಟ್ಟಿದ್ದು, 1792ರಲ್ಲಿ ವಿರಾಜಪೇಟೆಯ ಚರ್ಚ್ ಶುರುವಾಗಿದ್ದು. ಚಿಕ್ಕಂದಿನಿಂದ ಕೇಳಿ ಕೇಳಿ ನನಗೆ ಬಾಯಿಪಾಠ. ಆದರೆ ಅವತ್ತು ಅಜ್ಜಿ ಕೊನೆಗೊಂದು ಮಾತು ಸೇರಿಸಿದರು: 'ಓಡಿ ಬಂದಿದ್ದು ದೊಡ್ಡದಲ್ಲ ಮಗಾ, ಬಂದವರಿಗೆ ಜಾಗ ಕೊಟ್ಟರಲ್ಲ, ಅದಕ್ಕೇ ಉಳಿದಿದ್ದು.' ನನಗೇ ಹೇಳಿದ್ದು ಅಂತ ಗೊತ್ತಾಯಿತು. ಕಿಟಕಿ ಕಡೆ ನೋಡುತ್ತಾ ಕೂತೆ.

ಅಲ್ಲಿ ಪಾಪನಿವೇದನೆಗೆ ಹೋಗಿ ಮೊಣಕಾಲೂರಿದೆ. ಶಿಲುಬೆ ಗುರುತು ಹಾಕೋಣ ಅಂತ ಕೈ ಎತ್ತಿದರೆ ಬೆರಳು ಹಣೆಗೆ ಸರಿಯಾಗಿ ತಾಗುತ್ತಿಲ್ಲ. ಬೆಳಿಗ್ಗೆಯಿಂದ ಕುಡಿದಿರಲಿಲ್ಲ, ಆ ನಡುಕ. ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಸಾಕ್ಷಿ ಹೇಳಿ ಬಿದ್ದೆ ಅನ್ನುವುದನ್ನೂ. ಫಾದರ್ ಬೈಯಲಿಲ್ಲ. ಬಿಡುಗಡೆಯ ಮಾತು ಹೇಳಿ, ಒಂದು ಪರಲೋಕ ಮಂತ್ರ ಹೇಳಿಕೋ ಅಂದರು. ಆಮೇಲೆ ಮೆಲ್ಲಗೆ, 'ಕೈ ಯಾವಾಗಿನಿಂದ ನಡುಗುತ್ತಿದೆ? ಇವತ್ತೇ ಡಾಕ್ಟರ್ ಹತ್ತಿರ ಹೋಗು' ಅಂದರು. ಫಾದರ್, ಆ ಮಾತಿಗೆ ನಾನು ನಿಮಗೆ ಜನ್ಮವಿಡೀ ಋಣಿ.

ಇದನ್ನು ಓದುತ್ತಿರುವವರ ಮನೆಯಲ್ಲಿ ಕುಡಿಯುವವರು ಇದ್ದರೆ ಇಷ್ಟು ತಿಳಿದುಕೊಳ್ಳಿ. ದಿನಾ ಜಾಸ್ತಿ ಕುಡಿಯುವವನು ಹರಕೆ ಹೊತ್ತ ಹಾಗೆ ಒಂದೇ ಸಲ ನಿಲ್ಲಿಸಿಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯ ಆಗಬಹುದು. ನನ್ನನ್ನು ಅಡ್ಮಿಟ್ ಮಾಡಿಕೊಂಡು ಮಾತ್ರೆ ಕೊಟ್ಟರು, ಬಿ1 ವಿಟಮಿನ್ ಇಂಜೆಕ್ಷನ್ ಹಾಕಿದರು. ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾರ್ಥನೆ ಇದ್ದರೆ ಔಷಧ ಯಾಕೆ ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರ ಹತ್ತಿರ ನಾನು ಜಗಳ ಮಾಡಲ್ಲ, ನರ್ಸ್ ಸಿಸ್ಟರ್ ರಾತ್ರಿ ಪಾಳಿಯಲ್ಲಿ ಎರಡೆರಡು ಸಲ ಬಂದು ನೋಡಿಕೊಂಡು ಹೋಗಿದ್ದನ್ನು ನಾನು ಪ್ರಾರ್ಥನೆ ಅಂತಲೇ ತಿಳಿದಿದ್ದೇನೆ.

ನನ್ನ ಭಾವಮೈದ ಪಿಕಪ್ ಕೀ ಇಸ್ಕೊಂಡ. ಕಾಫಿ ಕೊಯ್ಲು ಮುಗಿಯುವವರೆಗೂ ಅವನೇ ಮೂಟೆ ಹೊಡೆದ, ಬಾಡಿಗೆ ದುಡ್ಡನ್ನು ನನ್ನ ಕೈಗೆ ಕೊಡದೆ ಅಕ್ಕನ ಕೈಗೇ ಕೊಟ್ಟ. ಆಗ ಅವನ ಮೇಲೆ ಸಿಟ್ಟು ಬರುತ್ತಿತ್ತು. ಈಗ ಅಷ್ಟು ಬರಲ್ಲ.

ಬುಧವಾರ ಸಂಜೆಯ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಸೇರುವ ಕೂಟ) ಮೀಟಿಂಗಿನವರ ಹೆಸರು ಹೇಳುವಂತಿಲ್ಲ, ಅದು ಅಲ್ಲಿನ ನಿಯಮ. 1935ರಲ್ಲಿ ಅಮೆರಿಕದ ಅಕ್ರಾನ್ ಅನ್ನುವ ಊರಿನಲ್ಲಿ ಇಬ್ಬರು ಕುಡುಕರು, ಅವರಲ್ಲೊಬ್ಬ ಡಾಕ್ಟರು, ಸೇರಿ ಶುರು ಮಾಡಿದ್ದು ಇದು. ಅಲ್ಲಿ ಬರುವವರಲ್ಲಿ ನಮ್ಮ ಧರ್ಮದವರು ಕಡಿಮೆ. ಆದರೂ ಮತ್ತೆ ಕುಡಿದು ಬಂದವನಿಗೆ ಅಲ್ಲಿ ಸಿಗುವ ಕುರ್ಚಿ ಚರ್ಚಿನಲ್ಲೂ ಅಷ್ಟೇ ಬೇಗ ಸಿಗಬೇಕು ಅಂತ ನನ್ನ ಆಸೆ. ಇವತ್ತೊಂದು ದಿನ ಕುಡಿಯಲ್ಲ ಅನ್ನುವುದನ್ನು ಕಲಿತದ್ದು ಅವರಿಂದ.

ಮದುವೆ ಮನೆಗಳ ವಿಷಯ ಹೇಳಲೇಬೇಕು. ಕೊಡಗಿನ ಮದುವೆಯಲ್ಲಿ ಲೋಟ ಇಲ್ಲದೆ ನಿಂತರೆ ಹತ್ತು ಜನ ಬಂದು ಕೇಳುತ್ತಾರೆ, ಅದೂ ಪ್ರೀತಿಯಿಂದಲೇ. ಪಕ್ಕದ ತೋಟದ ಅಣ್ಣ, ಕೊಡವರು, ನಾನು ಕೇಳದೆಯೇ ಅವರದ್ದೇ ಥರದ ಲೋಟದಲ್ಲಿ ಬೆಲ್ಲ ಹಾಕಿದ ಕರಿ ಕಾಫಿ ತಣ್ಣಗೆ ಮಾಡಿ ತಂದು ಕೈಗಿಟ್ಟರು. ದೂರದಿಂದ ನೋಡಿದರೆ ರಮ್ಮು! ಯಾರೂ ಕೇಳಲಿಲ್ಲ. ಅಣ್ಣಾ, ಆ ಬುದ್ಧಿ ನಿಮಗೆ ಯಾರು ಕೊಟ್ಟರೋ.

ಎಲ್ಲರೂ ನನಗೆ ಬೈಬಲಿನ ತಪ್ಪಿಹೋದ ಮಗನ ಕಥೆ ಹೇಳುತ್ತಾರೆ, ಆಸ್ತಿ ಹಾಳು ಮಾಡಿ ಮನೆಗೆ ಮರಳಿದವನಿಗೆ ಅಪ್ಪ ಕೊಬ್ಬಿದ ಕರು ಕೊಯ್ದು ಹಬ್ಬ ಮಾಡಿದ ಕಥೆ. ಒಳ್ಳೇ ಕಥೆ. ಆದರೆ ಆ ಮಗ ಕೊಬ್ಬಿದ ಕರು ತಿಂದು ಆರು ತಿಂಗಳಾದ ಮೇಲೆ ಮತ್ತೆ ಓಡಿಹೋಗಿದ್ದರೆ ಏನು ಅಂತ ಅಲ್ಲಿ ಬರೆದಿಲ್ಲ. ನನಗೆ ಹತ್ತಿರವಾದವರು ಯೇಸುಸ್ವಾಮಿಯ ಶಿಷ್ಯ ಸಂತ ಪೇತ್ರರು. ಅವರು ಜೊತೆಯಲ್ಲೇ ಇದ್ದವರು, ಎಲ್ಲರ ಮುಂದೆ ಎದೆ ತಟ್ಟಿ ಮಾತು ಕೊಟ್ಟವರು, ಯೇಸುಸ್ವಾಮಿಯನ್ನು ಸೆರೆಹಿಡಿದ ಅದೇ ರಾತ್ರಿ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ ಆತನನ್ನು ನಾನರಿಯೆ ಅಂದವರು. ಪುನರುತ್ಥಾನ ಆದ ಮೇಲೆ ಯೇಸುಸ್ವಾಮಿ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಮೊದಲು ಬಂದು ತಿನ್ನಿ ಅಂದರು. ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿದ್ದು ತಿಂದು ಮುಗಿದ ಮೇಲೆ. ಯೊವಾನ್ನರ ಸುವಾರ್ತೆಯ ಕೊನೇ ಅಧ್ಯಾಯ, ಓದಿ ನೋಡಿ.

ನನ್ನ ಹೆಂಡತಿಗೆ ಅದು ಗೊತ್ತಿತ್ತೋ ಇಲ್ಲವೋ. ಆಸ್ಪತ್ರೆಯಿಂದ ಬಂದ ದಿನ ಅವಳು ಒಂದು ಮಾತೂ ಆಡಲಿಲ್ಲ. ಅಕ್ಕಿ ರೊಟ್ಟಿ, ಕಣಿಲೆ ಸಾರು ಬಡಿಸಿದಳು. ಕೇಳಬೇಕಾದದ್ದನ್ನೆಲ್ಲ ಮರುದಿನ ಕೇಳಿದಳು, ಇನ್ನೂ ಕೇಳುತ್ತಿದ್ದಾಳೆ. ಕೇಳಲಿ.

ಮೂರನೇ ಬೆಂಚಿನವರೇ, ನಿಮ್ಮ ಬಗ್ಗೆ ನಾನು ಅಂದುಕೊಂಡಿದ್ದು ಪೂರ್ತಿ ತಪ್ಪಲ್ಲ, ಒಬ್ಬಿಬ್ಬರು ತಿರುಗಿ ನೋಡಿದಿರಿ. ಉಳಿದವರು ಸುಮ್ನೆ ಸರಿದು ಕೂತು ಜಾಗ ಮಾಡಿಕೊಟ್ಟಿರಿ, ಎಲ್ಲಿದ್ದೆ ಅಂತಲೂ ಕೇಳಲಿಲ್ಲ. ಅದಕ್ಕೇ ಮೈಕ್ ಬೇಡ ಅಂದದ್ದು. ನಾನು ಅಲ್ಲೇ, ಬೆಂಚಿನಲ್ಲೇ ಕೂತಿರುತ್ತೇನೆ.

ಕೊನೆಗೆ ನಮ್ಮ ದಿನಸಿ ಅಂಗಡಿಯವರಿಗೆ. ಆ ತಿಂಗಳುಗಳಲ್ಲಿ ಒಂದು ಸಲವೂ ಇಲ್ಲ ಅನ್ನದೆ ನನ್ನ ಹೆಂಡತಿಗೆ ಸಾಮಾನು ಕೊಟ್ಟಿರಿ. ಅರ್ಧ ತೀರಿಸಿದ್ದೇನೆ. ಉಳಿದದ್ದು ರೊಬಸ್ಟಾ ಕೊಯ್ಲು ಆದ ಮೇಲೆ, ಖಂಡಿತ.