ಚೌತಿಗೆ ಮೊದಲೇ ಗಿರಣಿ ಶುರುವಾಯಿತು

ಎಲ್ಲರಿಗೂ ನಮಸ್ಕಾರ. ನೆರೆಯಲ್ಲಿ ಮುಳುಗಿ ನಿಂತಿದ್ದ, ಕಾರವಾರದ ಹತ್ತಿರದ ಕಡವಾಡದ ನಮ್ಮ ಹಿಟ್ಟಿನ ಗಿರಣಿ ಮತ್ತೆ ಓಡುತ್ತಿದೆ. ಈ ಸಲ ಸೆಪ್ಟೆಂಬರ್ 2ಕ್ಕೇ ಚೌತಿ ಬಂದಿತ್ತು. ಆದರೂ ಚಕ್ಕುಲಿ ಹಿಟ್ಟು, ಮೋದಕದ ಹಿಟ್ಟು ಎಲ್ಲ ನಮ್ಮಲ್ಲೇ ಆಯಿತು. ಗಣಪತಿ ನೀರಿಗೆ ಬಿಟ್ಟಾಯಿತು, ಈಗ ಕೈ ಸ್ವಲ್ಪ ಬಿಡುವಾಗಿದೆ. ಇನ್ನೂ ತಡ ಮಾಡಿದರೆ ಹೇಳಬೇಕಾದ್ದು ಹೇಳದೇ ಉಳಿದುಬಿಡುತ್ತದೆ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ನೆರೆಯ ಕಥೆ ಮತ್ತೆ ಹೇಳುವುದಿಲ್ಲ. 2019ರ ಆಗಸ್ಟ್ ಮೊದಲ ವಾರ ಹೇಗಿತ್ತು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಘಟ್ಟದ ಮೇಲೆ ಮಳೆ ಬಿಡಲೇ ಇಲ್ಲ, ಕದ್ರಾ ಅಣೆಕಟ್ಟಿನ ಗೇಟು ತೆಗೆಯಬೇಕಾಯಿತು, ಕಾಳಿ ಹೊಳೆ ದಡ ಬಿಟ್ಟು ಬಂದಳು. ಮಲ್ಲಾಪುರ, ಹಣಕೋಣ, ಕಿನ್ನರ, ನಮ್ಮ ಕಡವಾಡ, ಎಲ್ಲ ಕಡೆ ಒಂದೇ ಪಾಡು. ಅಪ್ಪನ ಆಸ್ಪತ್ರೆ ವಿಷಯವೂ ನಿಮಗೆ ಗೊತ್ತೇ ಇದೆ. ಅಪ್ಪ ಈಗ ಮನೆಗೆ ಬಂದಿದ್ದಾರೆ. ಗಂಜಿ ಬಿಟ್ಟು ಅನ್ನ ಊಟ ಮಾಡುತ್ತಿದ್ದಾರೆ. ಗಿರಣಿಯ ಸದ್ದು ಕೇಳಿಸಿಕೊಂಡು, "ಬೆಲ್ಟು ಸಡಿಲ ಆಗಿದೆ ನೋಡು" ಅಂತ ಮಂಚದ ಮೇಲಿನಿಂದಲೇ ಹೇಳುತ್ತಾರೆ. ಅವರು ಹೇಳಿದ್ದು ಪ್ರತಿ ಸಲವೂ ಸರಿಯಾಗಿಯೇ ಇರುತ್ತದೆ.

ತುಂಬಾ ಜನ ಸಹಾಯ ಮಾಡಿದಿರಿ. ಆದರೆ ಒಬ್ಬರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಗಿರಣಿಯಿಂದ ಸ್ವಲ್ಪ ಆಚೆ ಮೋಟಾರು ವೈಂಡಿಂಗ್ ಅಂಗಡಿ, ಅಂದರೆ ಮೋಟಾರಿನೊಳಗಿನ ತಾಮ್ರದ ತಂತಿ ಸುತ್ತಿ ಕೊಡುವ ಅಂಗಡಿ, ಇದೆಯಲ್ಲ, ಅಲ್ಲಿನ ಮಾಮ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ವೈಂಡಿಂಗ್ ಮಾಮ ಎಂದರೆ ನಮ್ಮ ಕಡೆ ಯಾರಿಗಾದರೂ ಗೊತ್ತಾಗುತ್ತದೆ. ಅವರ ಅಂಗಡಿಗೂ ಸೊಂಟದ ತನಕ ನೀರು ಬಂದಿತ್ತು. ತಾಮ್ರದ ತಂತಿಯ ರೀಲುಗಳು, ವಾರ್ನಿಷ್ ಡಬ್ಬಿಗಳು, ಜನ ರಿಪೇರಿಗೆ ಕೊಟ್ಟ ಮಿಕ್ಸರು, ಫ್ಯಾನು, ತೋಟದ ಪಂಪು, ಎಲ್ಲ ಕೆಸರಿನಲ್ಲಿ ಹೂತಿದ್ದವು. ಆ ಮನುಷ್ಯ ತನ್ನ ಅಂಗಡಿ ತೊಳೆಯುವುದು ಬಿಟ್ಟು ನಮ್ಮ ಗಿರಣಿಗೆ ಬಂದರು.

ನೀರು ಇಳಿದ ಮೇಲೆ ನಾನು ಶಟರ್ ಎತ್ತಿದಾಗ ಮೊದಲು ಮುಖಕ್ಕೆ ಹೊಡೆದದ್ದು ಹುಳಿ ವಾಸನೆ. ಅಕ್ಕಿ, ಗೋಧಿ, ರಾಗಿ ಎಲ್ಲ ನೆನೆದು ಕೊಳೆಯುತ್ತಿತ್ತು. ಗಿರಣಿ ಕಲ್ಲುಗಳ ನಡುವೆ ಹಿಟ್ಟು ಅಂಟಾಗಿ ಕಟ್ಟಿಕೊಂಡಿತ್ತು. ನೀವು ಬೀಸಲು ಇಟ್ಟುಹೋದ ಡಬ್ಬಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಮುಚ್ಚಳದ ಮೇಲೆ ಅಂಟಿಸಿದ್ದ ಹೆಸರಿನ ಚೀಟಿ ಒಂದೂ ಉಳಿದಿರಲಿಲ್ಲ. ಮೋಟಾರಿನ ತಲೆ ಮಾತ್ರ ಕೆಸರಿನಿಂದ ಹೊರಗೆ ಕಾಣುತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ. ಇಲ್ಲಿ ನಾನೊಬ್ಬಳೇ. ಸಂಜೆಯ ತನಕ ಕೆಸರು ಎತ್ತಿ ಎತ್ತಿ, ಇದೆಲ್ಲ ಗುಜರಿಗೆ ಕೊಟ್ಟುಬಿಡೋಣ, ಅಪ್ಪನಿಗೆ ಆಮೇಲೆ ಹೇಳೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅಷ್ಟು ಹೊತ್ತಿಗೆ ಮಾಮ ಪಾನಾ ಚೀಲ ಹಿಡಿದು ಒಳಗೆ ಬಂದರು. ಹೇಗಿದ್ದೀಯಾ, ಎಷ್ಟು ನಷ್ಟ ಆಯ್ತು, ಏನೂ ಕೇಳಲಿಲ್ಲ. ಕೇಳಿದ್ದು ಒಂದೇ. "ಸ್ವಿಚ್ ಹಾಕಿದ್ಯಾ ತಂಗಿ?"

ಇಲ್ಲ ಅಂದೆ.

"ಹಾಗಾದ್ರೆ ಮೋಟಾರು ಸತ್ತಿಲ್ಲ. ಹಿಡಿ, ಈ ಕಡೆ ಎತ್ತು."

ಮೋಟಾರಿಗೆ ನೀರು ಹೋದರೆ ಅದರಿಂದಲೇ ಅದು ಹಾಳಾಗುವುದಿಲ್ಲವಂತೆ. ಒದ್ದೆ ಇರುವಾಗಲೇ ಕರೆಂಟು ಕೊಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತದೆ. ನಮ್ಮ ಕಡೆ ಹೊಳೆಗೆ ಸಮುದ್ರದ ನೀರೂ ಸೇರುವುದರಿಂದ ಉಪ್ಪಿನ ಅಂಶ ಬೇರೆ. ಹಾಗಾಗಿ ಒಣಗಿಸುವ ಮೊದಲು ಒಳ್ಳೆಯ ನೀರಿನಲ್ಲಿ ತೊಳೆಯಲೇಬೇಕು ಎಂದರು. ಬಾವಿಗಳಿಗೆಲ್ಲ ಹೊಳೆ ನೀರು ನುಗ್ಗಿತ್ತು. ಸೂರಿನ ಕೆಳಗೆ ಡ್ರಮ್ ಇಟ್ಟು ಹಿಡಿದಿದ್ದ ಮಳೆ ನೀರು ತಂದು ಕೊಟ್ಟೆ. ಮೋಟಾರು ಬಿಚ್ಚಿ, ಒಳಗೆ ತಿರುಗುವ ರೋಟರ್ ಹೊರಗೆ ತೆಗೆದು, ಹಳೇ ಪೇಂಟಿಂಗ್ ಬ್ರಷ್ಷಿನಲ್ಲಿ ತಾಮ್ರದ ಸುರುಳಿಗಳ ಸಂದಿಯಿಂದ ಕೆಸರು ತೆಗೆದರು. ಎಷ್ಟು ಹೊತ್ತು ಅಂತೀರಿ! ನೀರು ತಿಳಿಯಾಗಿ ಇಳಿಯುವ ತನಕ ಬಿಡಲಿಲ್ಲ.

ಆಮೇಲೆ ಒಣಗಿಸುವ ಕೆಲಸ. ಊರಲ್ಲಿ ಕರೆಂಟು ಇರಲಿಲ್ಲ. ಶಾಮಿಯಾನ ಅಂಗಡಿಯ ಅಣ್ಣ ಕೇಳಿದ ಕೂಡಲೇ ಜನರೇಟರ್ ತಂದು ಇಳಿಸಿಹೋದರು. ಡೀಸೆಲ್ ಕೂಡ ಅವರದೇ. ಮಾಮ 200 ವ್ಯಾಟಿನ ಹಳೇ ಬಲ್ಬುಗಳನ್ನು ರೋಟರ್ ಇದ್ದ ಖಾಲಿ ಜಾಗದಲ್ಲಿ, ಸುರುಳಿಗೆ ತಾಗದ ಹಾಗೆ ಇಳಿಬಿಟ್ಟರು. ಮೇಲೆ ಗೋಣಿಚೀಲ ಹೊದೆಸಿ, ಹಬೆ ಹೋಗಲು ಒಂದು ಕಡೆ ಸಂದಿ ಇಟ್ಟರು. ರಾತ್ರಿಯಿಡೀ ಹತ್ತಿರವೇ ಇರಬೇಕು. ಕೈ ಇಟ್ಟರೆ ತಡೆಯುವಷ್ಟೇ ಬಿಸಿ ಇರಬೇಕು, ಜಾಸ್ತಿ ಆದರೆ ಕರೆಂಟು ಸೋರದ ಹಾಗೆ ತಂತಿಗೆ ಇರುವ ಹೊದಿಕೆ (ಇನ್ಸುಲೇಶನ್) ಹಾಳಾಗುತ್ತದೆ. ನಡುನಡುವೆ ಎದ್ದು ಮೋಟಾರಿನ ಮೈಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ.

ಅವರ ಹತ್ತಿರ ಕೈಯಲ್ಲಿ ತಿರುಗಿಸುವ ಮೆಗ್ಗರ್ ಇದೆ. ಸುರುಳಿಯಿಂದ ಮೋಟಾರಿನ ಮೈಗೆ ಕರೆಂಟು ಸೋರುತ್ತದೋ ಇಲ್ಲವೋ ಎಂದು ಅದರಲ್ಲಿ ನೋಡುತ್ತಾರೆ. ಮುಳ್ಳು ಮೇಲೆ ಎದ್ದಷ್ಟೂ ಸೋರಿಕೆ ಕಮ್ಮಿ ಅಂತ ಅರ್ಥ. ಮೊದಲ ಸಲ ತಿರುಗಿಸಿದಾಗ ಮುಳ್ಳು ಸೊನ್ನೆಯಿಂದ ಮೇಲೆ ಏಳಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಚೂರು ಎದ್ದಿತು. ನನಗೆ ಜೀವ ಬಂತು. ಮಧ್ಯರಾತ್ರಿ ದಾಟಿದ ಮೇಲೆ ಮತ್ತೆ ನೋಡಿದರೆ, ಎದ್ದದ್ದು ವಾಪಸು ಇಳಿದಿತ್ತು.

ಆಗ ನನಗೆ ತಡೆಯಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ನೀರು ಮನೆ ಮೆಟ್ಟಿಲು ಹತ್ತಿದಾಗ ಅತ್ತಿರಲಿಲ್ಲ. ಒಂದು ಮುಳ್ಳು ಇಳಿದದ್ದಕ್ಕೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಹೋಗಿಬಿಟ್ಟರೆ ಏನು ಮಾಡಲಿ ಮಾಮ ಅಂತ ಕೇಳಿದೆ. ಆ ಮಾತನ್ನು ಅದುವರೆಗೆ ಯಾರ ಎದುರೂ ಆಡಿರಲಿಲ್ಲ.

ಮಾಮ ಸುಮ್ಮನೆ ಕೇಳಿಸಿಕೊಂಡರು. ಏನೂ ಆಗುವುದಿಲ್ಲ, ದೇವರಿದ್ದಾನೆ ಅಂತೆಲ್ಲ ಹೇಳಲಿಲ್ಲ. ನಾನು ಕಣ್ಣು ಒರೆಸಿಕೊಂಡ ಮೇಲೆ ಮೆಗ್ಗರ್ ಪಕ್ಕಕ್ಕಿಟ್ಟು ಹೇಳಿದರು. "ಬಿಸಿ ಏರುವಾಗ ಇದು ಮೊದ್ಲು ಇಳೀತದೆ ತಂಗಿ. ಒಳಗಿನ ಪಸೆ ಹೊರಗೆ ಬರ್ಬೇಕಲ್ಲ. ಇಳಿದ ಮೇಲೇ ಏರ್ತದೆ. ನೀ ಹೋಗಿ ಸ್ವಲ್ಪ ಮಲಗು, ಅಪ್ಪಂದು ಬೆಳಿಗ್ಗೆ ಹೋಗಿ ನೋಡು."

ಮಲಗಲು ಎಲ್ಲಿ ಜಾಗ! ಒದ್ದೆ ಆಗದ ಒಂದು ಬೆಂಚು ಇತ್ತು, ಅದರ ಮೇಲೆ ಕುಳಿತಿದ್ದೆ. ಹೊರಗೆ ಮಳೆ, ಒಳಗೆ ಜನರೇಟರಿನ ಸದ್ದು. ಮಾಮ ಅದೂ ಇದೂ ಮಾತಾಡುತ್ತಿದ್ದರು. ಯಾವ ಪಂಪಿಗೆ ಎಷ್ಟು ಗೇಜಿನ ತಂತಿ, ಮೊದಲೆಲ್ಲ ಸುರುಳಿಯನ್ನು ಕೈಯಲ್ಲೇ ಎಣಿಸಿ ಸುತ್ತುತ್ತಿದ್ದದ್ದು, ಒಂದು ಸುತ್ತು ತಪ್ಪಿದರೆ ಮತ್ತೆ ಮೊದಲಿನಿಂದ. ಅಪ್ಪನ ಬಗ್ಗೆ ಮಾತ್ರ ಒಂದು ಮಾತೂ ಎತ್ತಲಿಲ್ಲ. ನನಗೆ ಆಗ ಬೇಕಾಗಿದ್ದದ್ದು ಅದೇ.

ಬೆಳಗಿನ ಜಾವ ಮುಳ್ಳು ಒಂದು ಮೆಗಾಓಮ್ (ಮೆಗ್ಗರಿನ ಅಳತೆ) ದಾಟಿತು. ಅಷ್ಟಾದರೂ ಬಾರದೆ ಇಂಥ ಮೋಟಾರಿಗೆ ಕರೆಂಟು ಕೊಡಬಾರದಂತೆ. ದಾಟಿತು ಅಂತ ಮಾಮ ಅವಸರ ಮಾಡಲಿಲ್ಲ. ಇನ್ನೂ ಒಣಗಿಸಿ, ವಾರ್ನಿಷ್ ಹಾಕಿ, ಮತ್ತೆ ಒಣಗಿಸಿ, ಹೊಸ ಬೇರಿಂಗು ಹಾಕಿ, ಆಮೇಲೆ ಜೋಡಿಸಿದರು. ಖಾರ ಪುಡಿ ಮಾಡುವ ಮಷಿನ್ನಿನ ಮೋಟಾರಿಗೂ ಇದೇ ಉಪಚಾರ. ಬೇರಿಂಗು ಮತ್ತು ವಾರ್ನಿಷ್ ದುಡ್ಡು ಬಿಟ್ಟರೆ ಒಂದು ರೂಪಾಯಿ ಮುಟ್ಟಲಿಲ್ಲ.

ನಿಮ್ಮ ಅಂಗಡಿ ಹಾಗೇ ಬಿಟ್ಟು ನಮ್ಮಲ್ಲಿಗೆ ಯಾಕೆ ಬಂದಿರಿ ಅಂತ ಆಮೇಲೆ ಒಂದು ದಿನ ಕೇಳಿದೆ. "ಮಿಕ್ಸರು ಒಂದು ಮನೇದು. ಗಿರಣಿ ಅಂದ್ರೆ ಎಲ್ಲರದ್ದೂ ಅಲ್ವಾ? ಚೌತಿ ಹತ್ರ ಬಂತು" ಅಂದರು. ಅಷ್ಟೇ. ಮತ್ತೆ ತಂತಿ ಸುತ್ತಲು ಕುಳಿತರು.

ಮಾಮ, ಆ ರಾತ್ರಿ ನೀವು ಬಾರದಿದ್ದರೆ ಇವತ್ತು ಆ ಜಾಗದಲ್ಲಿ ಬರೀ ಶಟರ್ ಇರುತ್ತಿತ್ತು. ಅಪ್ಪ ಮನೆಗೆ ಬಂದು ಆ ಮುಚ್ಚಿದ ಶಟರ್ ನೋಡುವ ಹಾಗಾಗುತ್ತಿತ್ತು. ಇದನ್ನು ನಿಮ್ಮ ಎದುರು ನಿಂತು ಹೇಳಲು ನನ್ನಿಂದ ಆಗುವುದಿಲ್ಲ, ಗಂಟಲು ಕಟ್ಟುತ್ತದೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಇನ್ನು ಉಳಿದವರು. ಹಾರ್ಡ್‌ವೇರ್ ಅಂಗಡಿಯವರು ಬೆಲ್ಟು, ನಟ್ಟು ಬೋಲ್ಟು, ವೈರು ಎಲ್ಲ ಉದ್ರಿ ಕೊಟ್ಟು ಪುಸ್ತಕದಲ್ಲಿ ತಾರೀಕು ಕೂಡ ಬರೆಯಲಿಲ್ಲ. ಬೇಕರಿಯ ಅಣ್ಣ ತಮ್ಮ ಭಟ್ಟಿಯ ಮೇಲಿನ ಬಿಸಿ ಜಾಗದಲ್ಲಿ ನಮ್ಮ ಮರದ ಸಾಮಾನುಗಳನ್ನು ಒಣಗಿಸಿ ಕೊಟ್ಟರು. ಟೇಲರ್ ಅಕ್ಕ ಹಿಟ್ಟು ಬೀಳುವ ಬಾಯಿಗೆ ಕಟ್ಟುವ ಬಟ್ಟೆ ಹೊಲಿದು ಕಳಿಸಿದರು. ಮೀನು ಮಾರುವ ಮಾವಶಿ ಆಸ್ಪತ್ರೆಗೆ ಅಮ್ಮನಿಗೆ ಊಟ ತಲುಪಿಸಿದರು. ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಆಮೇಲೆ ಈ ಮಳೆ, ಅವರಿಗೇ ವ್ಯಾಪಾರ ಇರದ ದಿನಗಳು ಅವು. ಕೆಸರು ಎತ್ತಿದ ಹುಡುಗರು, ಕಂಬ ಹತ್ತಿ ಕರೆಂಟು ತಂದ ಲೈನ್‌ಮನ್‌ಗಳು, ಸುಂಕೇರಿ ಸೇತುವೆ ದಾಟಿ ಕಾರವಾರಕ್ಕೆ ಹೋಗುವಾಗೆಲ್ಲ "ಏನಾದ್ರೂ ತರ್ಬೇಕಾ" ಅಂತ ನಿಲ್ಲಿಸಿ ಕೇಳಿದ ರಿಕ್ಷಾದವರು, ಎಲ್ಲರಿಗೂ ಕೈಮುಗಿಯುತ್ತೇನೆ.

ಗಿರಣಿ ಕಲ್ಲಿಗೆ ಉಳಿ ಹೊಡೆಯಲು ಬಂದ ಅಜ್ಜನಿಗೆ ಬೇರೆಯಾಗಿ ಹೇಳಬೇಕು. ಅಂಟಿದ ಹಿಟ್ಟು ಕೆರೆದು ಕಲ್ಲು ಪೂರ್ತಿ ಒಣಗುವ ತನಕ ಕಾಯಿಸಿದರು. ಆಮೇಲೆ ಒಂದೊಂದೇ ಗೀರು ಹೊಡೆದು ಹರಿತ ಮಾಡಿದರು. ಉಳಿ ಹೊಡೆದ ಕಲ್ಲಿನಲ್ಲಿ ಮೊದಲು ನುಚ್ಚಕ್ಕಿ ಬೀಸಬೇಕು. ಆ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಎಸೆಯಬೇಕು. ಎರಡನೇ ಸಲದ ಹಿಟ್ಟನ್ನು ಅಜ್ಜ ಬೆರಳಲ್ಲಿ ಉಜ್ಜಿ, ನಾಲಿಗೆಗೆ ಹಚ್ಚಿಕೊಂಡು, "ಇನ್ನೊಂದ್ಸಲ" ಅಂದರು. ಮೂರನೇ ಸಲ ತಲೆ ಆಡಿಸಿದರು.

ಗಿರಾಕಿಗಳೇ, ನಿಮಗೂ. ಗಿರಣಿ ನಿಂತಿದ್ದಾಗ ನೀವು ಪೇಟೆಯಲ್ಲಿ ಪ್ಯಾಕೆಟ್ ಹಿಟ್ಟು ತಂದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಅಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ಉದ್ದು ಹುರಿದು, ಡಬ್ಬಿ ತುಂಬಿಟ್ಟುಕೊಂಡು ಕಾದಿರಿ. "ಯಾವಾಗ ಶುರು?" ಅಂತ ದಿನಾ ಕೇಳಿದಿರಿ. ಆ ಪ್ರಶ್ನೆ ನನಗೆ ಎಷ್ಟು ಬಲ ಕೊಟ್ಟಿತು ಅಂತ ನಿಮಗೆ ಗೊತ್ತಿಲ್ಲ. ಇನ್ನೊಂದು ವಿಷಯ ಈ ದಿನಗಳಲ್ಲಿ ಕಣ್ಣಾರೆ ನೋಡಿದೆ. ನಮ್ಮಲ್ಲಿ ಡಬ್ಬಿ ಇಟ್ಟು ಹೋದವರು ಸರದಿ ಬರುವ ತನಕ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾರೆ, ಬೇಕರಿಯಲ್ಲಿ ಖಾರಿ ತಗೊಳ್ಳುತ್ತಾರೆ, ಕಿರಾಣಿ ಅಂಗಡಿಗೆ ಹೊಕ್ಕು ಬರುತ್ತಾರೆ. ಗಿರಣಿ ನಿಂತಾಗ ಅವರ ವ್ಯಾಪಾರವೂ ಕಮ್ಮಿಯಾಗಿತ್ತು. ಆದರೂ ಅವರಲ್ಲಿ ಒಬ್ಬರೂ ಅದನ್ನು ನನ್ನ ಹತ್ತಿರ ಹೇಳಲಿಲ್ಲ. ಗಿರಣಿ ಶುರುವಾದ ದಿನ ಚಾ ಹೋಟೆಲಿನವರೇ ಮೊದಲು ಬಂದು ಬೆಲ್ಟಿಗೆ ಕುಂಕುಮ ಹಚ್ಚಿದರು.

ಕೊನೆಗೆ ಎರಡು ಮಾತು. ಹೆಸರಿಲ್ಲದ ಡಬ್ಬಿಗಳನ್ನು ತೊಳೆದು, ಒರೆಸಿ, ಗಿರಣಿಯ ಒಳಗಿನ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಬಂದು ನಿಮ್ಮದು ಗುರುತು ಹಿಡಿದು ಒಯ್ಯಿರಿ. ಅದರಲ್ಲಿದ್ದ ಕಾಳಿನ ಲೆಕ್ಕ ನನಗೆ ಹೇಳಿ, ನಿಧಾನವಾಗಿ ತೀರಿಸುತ್ತೇನೆ.

ವೈಂಡಿಂಗ್ ಮಾಮನ ಅಂಗಡಿ ಈಗ ತೆರೆದಿದೆ. ನಿಮ್ಮಲ್ಲಿ ನೀರು ಹೊಕ್ಕ ಪಂಪು, ಫ್ಯಾನು, ಮಿಕ್ಸರು ಏನೇ ಇದ್ದರೂ ಸ್ವಿಚ್ ಹಾಕಿ ನೋಡಬೇಡಿ, ಹಾಗೇ ಅವರ ಹತ್ತಿರ ಒಯ್ಯಿರಿ. ಅವರ ತಂತಿ, ಸಾಮಾನು ಎಲ್ಲ ಹೊಳೆ ಪಾಲಾಗಿದೆ, ಹೊಸದಾಗಿ ತರಬೇಕು. ದುಡ್ಡು ಆಮೇಲೆ ಕೊಟ್ಟರಾಯ್ತು ಅಂತ ಅವರು ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಆವಾಗಲೇ ಕೊಟ್ಟು ಬನ್ನಿ.