ಮರಳು ಚೀಲ ಹೊತ್ತು ಗುಡ್ಡ ಓಡುವವರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಅಮೆರಿಕದ ಮರೀನ್ ಪಡೆಯ ಕಾಲಾಳು ತರಬೇತಿಯ ವಿಡಿಯೊ ನೋಡಿದ ಮೇಲೆ ನಿಮ್ಮಲ್ಲಿ ಕೆಲವರು ಮರಳು ತುಂಬಿದ ಚೀಲ ಹೊತ್ತು ಗುಡ್ಡ ಓಡುತ್ತಿದ್ದೀರಿ. ದಯವಿಟ್ಟು ಇಂದೇ ನಿಲ್ಲಿಸಿ.

ಆ ತರಬೇತಿ ನಡೆಯುವ, ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್ ಮರೀನ್ ನೆಲೆಯ ಗುಡ್ಡಗಳು ಉಸಿರು ಕಟ್ಟಿಸುವಂಥವು, ನಿಜ. ಆದರೆ ಅಲ್ಲಿಯೂ ದೂರ, ಭಾರ ಎರಡನ್ನೂ ಹಂತಹಂತವಾಗಿ ಏರಿಸುತ್ತಾರೆ. 13 ವಾರಗಳ ಬೂಟ್ ಕ್ಯಾಂಪ್ (ಹೊಸಬರ ಆರಂಭಿಕ ತರಬೇತಿ) ಮುಗಿಸಿದವರು ಮಾತ್ರ ಕಾಲಾಳು ಕೋರ್ಸಿಗೆ ಬರುತ್ತಾರೆ. 2021ರಲ್ಲಿ ಈ ಕಾಲಾಳು ಕೋರ್ಸನ್ನು 14 ವಾರಗಳಿಗೆ ಹಿಗ್ಗಿಸಲಾಯಿತು. ವಿಡಿಯೊದಲ್ಲಿ ಸಾಲಿನ ಕೊನೆಯವರನ್ನು ಗಮನಿಸಿ. ಮುಂದಿನವರು ಏರಿನಲ್ಲಿ ನಿಧಾನಿಸಿದರೆ ಇವರು ನಿಲ್ಲಬೇಕು, ಅವರು ನೆತ್ತಿ ದಾಟಿ ವೇಗ ಹಿಡಿದರೆ ಅಂತರ ಮುಚ್ಚಲು ಓಡಬೇಕು. ಅತಿ ಹೆಚ್ಚು ದಣಿಯುವವರು ಅವರೇ. ನಡುವೆ ವಿಶ್ರಾಂತಿ ಸಿಕ್ಕಾಗ ನೀರು ಕುಡಿಯುವುದು, ಒದ್ದೆ ಕಾಲುಚೀಲ ಬದಲಿಸುವುದು, ಪಾದದ ಬೊಬ್ಬೆ ನೋಡಿಕೊಳ್ಳುವುದು ಕೂಡ ಶಿಸ್ತಿನ ಭಾಗ.

ನಮ್ಮ ಅಗ್ನಿವೀರ ರ್‍ಯಾಲಿಯಲ್ಲಿರುವುದು 1.6 ಕಿ.ಮೀ. ಓಟ, ಅದೂ ಬೆನ್ನ ಮೇಲೆ ಭಾರವಿಲ್ಲದೆ. ಭಾರ ಹೊತ್ತು ಇಳಿಜಾರಿನಲ್ಲಿ ಓಡಿದರೆ ಮಂಡಿಗೆ ಪೆಟ್ಟು. ಭರ್ತಿಗೆ ಮೊದಲೇ ಕಾಲು ಕೆಡಿಸಿಕೊಳ್ಳಬೇಡಿ. ಚೀಲ ಬೇಕೇ ಬೇಕೆನ್ನುವವರು ಹಗುರ ತೂಕದಿಂದ ಆರಂಭಿಸಿ, ನಡೆಯಿರಿ, ಓಡಬೇಡಿ. ಈಗಾಗಲೇ ಮಂಡಿ ನೋವಿರುವವರು ವೈದ್ಯರಿಗೆ ತೋರಿಸಿದ ನಂತರವೇ ಮೈದಾನಕ್ಕೆ ಬನ್ನಿ.