ಹಳೇ ಸ್ಲೈಡುಗಳ ಭಯ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದು ಬೇಡ. ನಿಮ್ಮ ಪೆಥಾಲಜಿಯವರ ಸಿಎಂಇಗೆ, ಅಂದರೆ ಡಾಕ್ಟರುಗಳು ಹೊಸದನ್ನು ಕಲಿಯುವ ಸಭೆಗೆ, ಹೋಗಿ ಬಂದು ನೀನು ಬರೆದ ಒಂದು ಸಾಲು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ‘ಸಿಎಂಇಯಲ್ಲಿ ಆ ಸ್ಲೈಡ್ ಪರದೆ ಮೇಲೆ ಬಂದಾಗ ಕೈಕಾಲು ತಣ್ಣಗಾಯಿತು. ಇಂಥವನ್ನು ಹೈಪರ್‌ಪ್ಲಾಸ್ಟಿಕ್ ಪಾಲಿಪ್ ಅಂತ ಎಷ್ಟು ಸಲ ಬರೆದು ಕಳಿಸಿದ್ದೇನೋ. ಇನ್ನು ಆ ಕಡೆ ಹೋಗೋಕೇ ಭಯ’ ಅಂತ ಬರೆದಿದ್ದೀಯ.

ದೊಡ್ಡ ಕರುಳಿನ ಒಳಗೋಡೆಯ ಗಂಟು, ಆ ಪಾಲಿಪ್, ಎಂಥೆಂಥವರನ್ನೋ ಏಮಾರಿಸಿದೆ ಪುಟ್ಟಿ. ಹೈಪರ್‌ಪ್ಲಾಸ್ಟಿಕ್ ಆದರೆ ನಿರುಪದ್ರವಿ, ಇದು ಮುಂದೆ ಕ್ಯಾನ್ಸರ್ ಆಗಬಹುದು. ಮೇಲುಗಡೆ ನೋಡಿದರೆ ಎರಡರಲ್ಲೂ ಅದೇ ಗರಗಸದ ಹಲ್ಲು. ಗುಟ್ಟು ಇರುವುದು ಬುಡದಲ್ಲಿ. ಕ್ರಿಪ್ಟ್, ಅಂದರೆ ಒಳಪೊರೆಯ ಸಣ್ಣ ಕೊಳವೆ, ನೆಟ್ಟಗೆ ಇಳಿದು ಕಿರಿದಾಗುವ ಬದಲು ತಳದಲ್ಲಿ ಹಿಗ್ಗಿ, ಕೆಳಗಿನ ತೆಳು ಸ್ನಾಯುಪದರ ಮಸ್ಕ್ಯುಲಾರಿಸ್ ಮ್ಯುಕೋಸಾದ ಮೇಲೆ ಬೂಟಿನ ಹಾಗೆ ಅಡ್ಡ ತಿರುಗಿರುತ್ತದೆ. ತುಂಡು ಮೇಣದ ಬ್ಲಾಕಿನಲ್ಲಿ ಓರೆಯಾಗಿ ಕೂತಿದ್ದರೆ ಆ ಬುಡವೇ ಸ್ಲೈಡಿಗೆ ಬರುವುದಿಲ್ಲ. ಅದರ ಹೆಸರೂ ನಿಂತಲ್ಲಿ ನಿಂತಿಲ್ಲ. 2010ರಲ್ಲಿ ಡಬ್ಲ್ಯುಎಚ್‌ಒ ಗೆಡ್ಡೆಗಳ ಪುಸ್ತಕದಲ್ಲಿ ಅದರ ಹೆಸರಲ್ಲಿ ಅಡಿನೋಮಾ ಅನ್ನುವ ಪದ ಇತ್ತು. 2019ರಲ್ಲಿ ಅದು ಹೋಗಿ ಸೆಸೈಲ್ ಸೆರೇಟೆಡ್ ಲೀಶನ್ ಆಯಿತು. ಖಚಿತವಾಗಿ ಹಾಗೆ ತಿರುಗಿದ ಒಂದೇ ಒಂದು ಕ್ರಿಪ್ಟ್ ಸಿಕ್ಕರೂ ಸಾಕು ಅಂತಲೂ ಆಯಿತು. ನೀನು ಕಲಿತಾಗ ಇದ್ದ ಅಳತೆಯೇ ಬೇರೆ.

ನಮ್ಮ ಕಾಲದಲ್ಲೂ ಹೀಗೇ ಆಗಿತ್ತು. ಹೊಟ್ಟೆಯ ಆಸಿಡ್‌ನಲ್ಲಿ ಬ್ಯಾಕ್ಟೀರಿಯಾ ಬದುಕಲ್ಲ ಅಂತಲೇ ಪಾಠ. 1979ರಲ್ಲಿ ಆಸ್ಟ್ರೇಲಿಯಾದ ಪೆಥಾಲಜಿಸ್ಟ್ ರಾಬಿನ್ ವಾರೆನ್ ಹೊಟ್ಟೆಯ ಲೋಳೆಯ ಅಂಚಿನಲ್ಲಿ ಬಾಗಿದ ಸಣ್ಣ ಕಡ್ಡಿಗಳನ್ನು ನೋಡಿ, ಸುಮ್ನೆ ಬಿಡದೆ ಹಿಂದೆ ಬಿದ್ದರು. 2005ರಲ್ಲಿ ಅವರಿಗೂ ಜೊತೆಗಾರ ಬ್ಯಾರಿ ಮಾರ್ಷಲ್‌ಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾ, ಹೆಲಿಕೋಬ್ಯಾಕ್ಟರ್, ನನ್ನ ಮೈಕ್ರೋಸ್ಕೋಪಿನ ಕೆಳಗೂ ಎಷ್ಟೋ ಸಲ ಹಾದುಹೋಗಿರಬೇಕು. ನಾನು ಸ್ಲೈಡಿಗೆ ಹಾಕುವ ಬಣ್ಣದ, ಸ್ಟೇನಿನ, ಕೊಳೆ ಅಂದುಕೊಂಡಿದ್ದೆನೋ ಏನೋ.

ಆದರೆ ನನ್ನನ್ನು ಕಾಡುವುದು ಅದಲ್ಲ. ಇದನ್ನು ನಿನಗೆ ಹಿಂದೆ ಹೇಳಿಲ್ಲ.

ಒಂದು ಹೊಟ್ಟೆಯ ಬಯಾಪ್ಸಿ. ನಾಲ್ಕು ಚೂರು, ಒಂದೊಂದೂ ಎಳ್ಳುಕಾಳಿನಷ್ಟು. ಮೂರನೆಯದರಲ್ಲಿ ಗ್ರಂಥಿಗಳ ನಡುವೆ ಏಳೆಂಟು ಬಿಳಿಚಿಕೊಂಡ ಕೋಶ. ಕೊಬ್ಬು ನುಂಗಿ ನೊರೆ ತುಂಬಿದ ರಕ್ಷಕ ಕೋಶ, ಮ್ಯಾಕ್ರೋಫೇಜ್, ಇರಬೇಕು, ನಿರುಪದ್ರವಿ ಝಾಂತೋಮಾ ಅಂದುಕೊಂಡೆ. ಕ್ರಾನಿಕ್ ಗ್ಯಾಸ್ಟ್ರೈಟಿಸ್, ಅಂದರೆ ಬರೀ ಹೊಟ್ಟೆಯ ಉರಿಯೂತ, ಅಂತ ಬರೆದು ಸಹಿ ಹಾಕಿದೆ. ಟ್ರೇ ತುಂಬ ಸ್ಲೈಡ್ ಕಾದಿತ್ತು. ಕೋಶದೊಳಗಿನ ಲೋಳೆ ತೋರಿಸುವ ಪಿಎಎಸ್ ಸ್ಟೇನ್ ಒಂದು ಹಾಕಿಸಿದ್ದರೆ, ನ್ಯೂಕ್ಲಿಯಸ್ ಅಂಚಿಗೆ ಒತ್ತಿಹೋಗಿದ್ದನ್ನು ಇನ್ನೊಮ್ಮೆ ನೋಡಿದ್ದರೆ. ಐದು ತಿಂಗಳ ಮೇಲೆ ಅದೇ ಹೆಸರು ದೊಡ್ಡ ಡಬ್ಬಿಯ ಮೇಲೆ ಬಂತು. ಆಪರೇಷನ್ ಮಾಡಿ ತೆಗೆದ ಇಡೀ ಹೊಟ್ಟೆ. ಸಿಗ್ನೆಟ್ ರಿಂಗ್ ಕ್ಯಾನ್ಸರ್, ಆ ಬಿಳಿಚಿಕೊಂಡ ಕೋಶಗಳೇ.

ಅದಾದ ಮೇಲೆ ನಾಲ್ಕು ವರ್ಷ ನಾನು ಒಂದು ಸ್ಲೈಡ್ ಸೆಮಿನಾರಿಗೂ ಹೋಗಲಿಲ್ಲ. ಕೆಲಸ ಜಾಸ್ತಿ ಅಂತ ಎಲ್ಲರಿಗೂ ಹೇಳಿದೆ. ನಿನಗೆ ಈಗ ಆಗಿರುವ ಭಯವೇ ಅದು. ಆ ವರ್ಷಗಳಲ್ಲೇ, 1998ರಲ್ಲಿ, ಜಿಸ್ಟ್ ಅನ್ನುವ ಹೊಟ್ಟೆ-ಕರುಳಿನ ಗೋಡೆಯ ಗೆಡ್ಡೆಗಳಲ್ಲಿ ಕಿಟ್ ಜೀನಿನ ದೋಷ ಗೊತ್ತಾಯಿತು. 2001ರ ಹೊತ್ತಿಗೆ ಇಮಾಟಿನಿಬ್ ಮಾತ್ರೆಗೆ ಅವು ಕುಗ್ಗುತ್ತವೆ ಅಂತ ಸುದ್ದಿ ಬಂತು. ಎಲ್ಲರೂ ಕಿಟ್ ಪ್ರೋಟೀನನ್ನು ತೋರಿಸುವ ಸಿಡಿ117 ಸ್ಟೇನ್ ಹಾಕಿಸಿ ನೋಡುತ್ತಿದ್ದರು. ನಾನು ಮಾತ್ರ ನನ್ನ ಕೋಣೆಯಲ್ಲಿ ಕೂತು ಅವನ್ನು ಹಳೇ ಹಾಗೆ ಸ್ನಾಯುವಿನ ಕ್ಯಾನ್ಸರ್, ಲಿಯೋಮಯೋಸಾರ್ಕೋಮಾ, ಅಂತಲೇ ಬರೆಯುತ್ತಿದ್ದೆ. ಆ ಮಾತ್ರೆ ಸಿಗಬಹುದಾಗಿದ್ದ ಯಾರಿಗೆ ಸಿಗದೆ ಹೋಯಿತೋ. ಆ ಬಯಾಪ್ಸಿ ತಪ್ಪಿದ್ದಕ್ಕೆ ನನ್ನನ್ನು ನಾನು ಒಂದಿಷ್ಟು ಕ್ಷಮಿಸಿದ್ದೇನೆ. ಈ ನಾಲ್ಕು ವರ್ಷಕ್ಕೆ ಆಗಿಲ್ಲ.

ಅದಕ್ಕೇ ನಿನ್ನ ಆ ಸಾಲು ನನ್ನನ್ನು ಹೆದರಿಸಿತು. ಆ ಸಭೆಯಲ್ಲಿ ಕೂತವರಿಗೆಲ್ಲ ಕೈಕಾಲು ತಣ್ಣಗಾಗಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ. ನೀನು ನನಗೆ ಬರೆದೆಯಲ್ಲ, ನಾನು ಯಾರಿಗೂ ಬರೆಯಲಿಲ್ಲ.

ಏನು ಮಾಡು ಅಂತ ಹೇಳಲಿ? ನಾನು ಕೆಲಸ ಬಿಟ್ಟು ಬಹಳ ದಿನ ಆಯಿತು, ಈಗಿನ ನಿಮ್ಮ ಲ್ಯಾಬಿನ ರೀತಿ ನನಗೆ ಗೊತ್ತಿಲ್ಲ. ಆದರೂ, ಹಳೆಯ ಸ್ಲೈಡುಗಳಲ್ಲಿ ಬಲಗಡೆಯ ಕೋಲನ್ನಿನ, ಅಂದರೆ ದೊಡ್ಡ ಕರುಳಿನ, ದೊಡ್ಡ ಪಾಲಿಪ್‌ಗಳನ್ನು ಮೊದಲು ತೆಗೆಸಿ ನೋಡಬಹುದೇನೋ. ಎಲ್ಲವನ್ನೂ ಒಂದೇ ಸಲ ಬೇಡ, ಕಂಗಾಲಾಗುತ್ತೀಯ. ಬುಡ ಕಾಣದಿದ್ದರೆ ಬ್ಲಾಕ್ ತಿರುಗಿಸಿ ಕೂರಿಸಿ, ಇನ್ನೂ ಆಳದ ಕಟ್ ಕೇಳು. ಅನುಮಾನ ಬಂದದ್ದನ್ನು ಪಕ್ಕದವರಿಗೆ ತೋರಿಸು. ರಿಪೋರ್ಟ್ ಬದಲಾಗಬೇಕಾದರೆ ತಿದ್ದಿ ಕಳಿಸು, ಎಂಡೋಸ್ಕೋಪಿ ಮಾಡಿದವರಿಗೆ ಫೋನೂ ಮಾಡು. ಮುಂದಿನ ಕೊಲೊನೋಸ್ಕೋಪಿ ಯಾವಾಗ ಅಂತ ಅವರು ನಿನ್ನ ರಿಪೋರ್ಟ್ ನೋಡಿಯೇ ತೀರ್ಮಾನ ಮಾಡುವುದು, ಅಲ್ವಾ? ಆ ಫೋನ್ ಕಷ್ಟ, ಗೊತ್ತು. ನಾನು ಒಂದು ಸಲವೂ ಮಾಡಲಿಲ್ಲ.

ಮುಂದಿನ ಸಿಎಂಇ ಯಾವತ್ತು ಅಂತ ಬರೆ. ಹೋಗಿ ಬಂದ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಆ ಪಾಲಿಪ್‌ನ ಫೋಟೋ ಇದ್ದರೆ ನನಗೂ ಕಳಿಸು. ಲೋ ಪವರ್‌ನಲ್ಲಿ ತೆಗೆದದ್ದು ಕಳಿಸು, ಬುಡ ಅಡ್ಡ ತಿರುಗಿದ್ದು ಅದರಲ್ಲೇ ಚೆನ್ನಾಗಿ ಕಾಣುತ್ತದೆ.

ನಿನ್ನ ದೊಡ್ಡಪ್ಪ